ಮೈಕಿನಲ್ಲಿ ಓದದ ಮುಯ್ಯಿ

ನನ್ನ ಓರಗಿತ್ತಿ ಗಾರ್ಮೆಂಟ್ಸ್ ಕೆಲಸ ಬಿಟ್ಟದ್ದು ನನ್ನ ಮಾತು ಕೇಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಬ್ಲಾಗು, ಲಿಂಕು, ಸರ್ಚ್ ಇಂಜಿನ್ನಿನ ಶಿಕ್ಷೆ, ಇವೆಲ್ಲ ನನ್ನ ನೆಮ್ಮದಿ ಕೆಡಿಸಿದ್ದು ಅದೊಂದೇ ಕಾರಣಕ್ಕೆ. ನನ್ನೊಬ್ಬಳ ವಿಷಯವಾಗಿದ್ದರೆ ಬಾಯಿಗೆ ಬಂದಂತೆ ಬೈದು, ಮಾರನೆಯ ದಿನ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆ. ಕೂತು ಅಳುವ ಜಾತಿಯವಳಲ್ಲ ನಾನು.

ನಾವಿರುವುದು ವಿಜಯಪುರದಲ್ಲಿ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಫೋನ್ ಮಾಡಿದವರು "ಅಯ್ಯೋ, ಗೋಳಗುಮ್ಮಟದ ಹತ್ರಾನಾ? ಅಷ್ಟು ದೂರ ಸೀರೆ ಕಳಿಸ್ಬೇಕಾ?" ಎಂದು ಗಾಬರಿಯಾಗುತ್ತಾರೆ. ನಮ್ಮದು ರೇಷ್ಮೆಯ ಊರು. ಗೂಡು ಬೇಯಿಸುವ ವಾಸನೆ ನಮ್ಮ ಬೀದಿಯವರ ಮೂಗಿಗೆ ತಾಕುವುದೇ ಇಲ್ಲ. ಬಸ್ಸಿಳಿದು ಬಂದ ಹೊಸಬರು ಮಾತ್ರ ಸೆರಗನ್ನು ಮೂಗಿಗೆ ಹಿಡಿಯುತ್ತಾರೆ. ನನ್ನ ಗಂಡ ಹುರಿ ಮಿಷನ್ನಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ, ರೇಷ್ಮೆ ಎಳೆಗಳನ್ನು ಸೇರಿಸಿ ಹೊಸೆಯುವ ಕೆಲಸ. ಭಾವ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾರೆ. ಎರಡು ಸಂಸಾರ, ಜೊತೆಗೆ ಅತ್ತೆ, ಒಂದೇ ಅಡುಗೆಮನೆ. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಹಾಗೆ ಕರೆಯಬೇಕೆಂದು ಕಲಿಸಿದ್ದಕ್ಕೆ ಕರೆದೆ, ಆಮೇಲೆ ಅವಳು ನಿಜವಾಗಿಯೂ ಅಕ್ಕನೇ ಆಗಿಬಿಟ್ಟಳು.

ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಸೆರಗಿನ ಕೊನೆಯಲ್ಲಿ ನೇಯದೆ ಬಿಟ್ಟಿರುವ ಎಳೆಗಳನ್ನು ವಿಂಗಡಿಸಿ, ಅದಕ್ಕೆ ಬಣ್ಣದ ದಾರ ಸೇರಿಸಿ, ಗಂಟು ಹಾಕಿ, ಮಣಿ ಪೋಣಿಸಿ ಇಳಿಬಿಡುವ ಕೆಲಸ. ಮದುವೆ ಸೀರೆಗೆ ಕುಚ್ಚಿಲ್ಲದಿದ್ದರೆ ಈಗಿನ ಹುಡುಗಿಯರು ಉಡುವುದಿಲ್ಲ. ನನ್ನ ಕೈ ಸುಮಾರು. ಅಕ್ಕನ ಕೈ ಬೇರೆಯೇ. ಅವಳು ಕಟ್ಟಿದ ಕುಚ್ಚನ್ನು ಸಾಲಾಗಿ ನೋಡಿದರೆ ಒಂದು ಉದ್ದ ಒಂದು ಗಿಡ್ಡ ಎಂದು ಹುಡುಕುವುದಕ್ಕೇ ಆಗದು. ಆದರೆ ಅವಳಿಗೆ ಬಿಡುವಿರುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನ ಬೆಳಕು ಹರಿಯುವ ಹೊತ್ತಿಗೆ ಫ್ಯಾಕ್ಟರಿ ವ್ಯಾನು ಬಂದು ಬೀದಿಯ ತುದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸ್. ಅಲ್ಲಿ ದಿನವಿಡೀ ಷರ್ಟಿನ ಕಾಲರು ಹೊಲಿದು ಬಂದು, ಸೂಪರ್‌ವೈಸರ್ ಬೈದದ್ದನ್ನು ಸಾರಿಗೆ ಒಗ್ಗರಣೆ ಹಾಕುತ್ತ ನನಗೆ ಒಪ್ಪಿಸುತ್ತಿದ್ದಳು.

ಬ್ಲಾಗು ಹುಟ್ಟಿದ್ದು ನನ್ನ ಬೇಸರದಿಂದ. ಫೋನಿನಲ್ಲಿ ಕಂಡವರಿಗೆಲ್ಲ "ಹಿಂಗೆ ಎಳೆ ತಗೊಳ್ಳಿ, ಹಿಂಗೆ ಗಂಟು ಹಾಕಿ" ಎಂದು ಹೇಳಿ ಹೇಳಿ ಬಾಯಿ ನೋಯುತ್ತಿತ್ತು. ಒಮ್ಮೆ ಬರೆದುಬಿಟ್ಟರೆ ಓದಿಕೊಳ್ಳಲಿ ಎಂದು ಬರೆದೆ. ಕನ್ನಡದಲ್ಲೇ ಬರೆದೆ, ಪ್ರತಿ ಗಂಟಿಗೂ ಫೋಟೊ ಹಾಕಿ. ಮೈಸೂರು ಸಿಲ್ಕಿಗೆ ಯಾವುದು ಒಪ್ಪುತ್ತದೆ, ಹಳೆಯ ಧಾರೆ ಸೀರೆಯ ಎಳೆ ಕಿತ್ತುಹೋದರೆ ಏನು ಮಾಡಬೇಕು, ಹೀಗೆ. ಕೆಳಗೆ ನಮ್ಮ ಫೋನ್ ನಂಬರು. ಕುಚ್ಚಿನ ಬಗ್ಗೆ ಕನ್ನಡದಲ್ಲಿ ಇಷ್ಟು ವಿವರವಾಗಿ ಬೇರೆ ಯಾರೂ ಬರೆದಿರಲಿಲ್ಲವೋ ಏನೋ, ಹುಡುಕಿದವರಿಗೆ ಮೊದಲು ಸಿಗುತ್ತಿದ್ದದ್ದು ನನ್ನ ಪುಟವೇ. ಬೆಂಗಳೂರಿನಿಂದ, ಕೋಲಾರದಿಂದ, ಹತ್ತಿರದ ನಂದಗುಡಿಯಿಂದಲೂ ಸೀರೆ ಬರತೊಡಗಿದವು. ನಮ್ಮ ಬೀದಿಯಲ್ಲೇ ಕೆಲಸ ಕಲಿಸಿದ ಹೆಂಗಸರಿಗೆ ಹಂಚಿದರೂ ಮುಗಿಯುತ್ತಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಫೋಟೊದಲ್ಲಿದ್ದ ಅಕ್ಕನ ಕೈಕೆಲಸವನ್ನು.

ಒಂದು ಭಾನುವಾರ ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತು ಕಟ್ಟುತ್ತಿದ್ದಾಗ ನಾನು ಹೇಳಿದೆ.

"ಆ ಗಾರ್ಮೆಂಟ್ಸ್ ಬಿಟ್ಬಿಡಕ್ಕ. ಯಾಕೆ ಅವನ ಹತ್ರ ಬೈಸ್ಕೊಂಡು ಸಾಯ್ತೀಯ?"

"ಬಿಟ್ರೆ ತಿಂಗ್ಳಾದ್ರೆ ಬರೋದು ಬರಲ್ವಲ್ಲಮ್ಮಿ."

"ಇಲ್ಲಿ ಬರ್ತೈತಲ್ಲ! ಫೋನ್ ನಿಲ್ತಾನೇ ಇಲ್ಲ. ನಾನಿದೀನಿ, ಬಿಡು."

ಆಗ ನನಗಿದ್ದ ಧೈರ್ಯ ನೋಡಬೇಕಿತ್ತು. ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸಿದಳು. ಮುಂದಿನ ತಿಂಗಳು ಕೆಲಸ ಬಿಟ್ಟಳು. ವ್ಯಾನು ಬಂದು ಹಾರನ್ ಹೊಡೆದು ಹೋಗುವಾಗ ಇನ್ನೂ ಹಾಸಿಗೆಯಲ್ಲೇ ಇರುವ ಸುಖ ಎಂಥದ್ದು ಎಂದು ಅವಳು ಹೇಳಿದ್ದನ್ನು ಕೇಳಿ ನಾನು ಬೀಗಿಬಿಟ್ಟೆ.

ಇನ್ನು ದಾರದ ಅಂಗಡಿಯವರ ವಿಷಯ. ಕುಚ್ಚಿಗೆ ಬೇಕಾದ ದಾರವನ್ನು ನಾನು ಬೆಂಗಳೂರಿನ ಪೇಟೆಯ ಒಂದು ಅಂಗಡಿಯಿಂದ ತರಿಸುತ್ತಿದ್ದೆ. ಅವರು ಅಂಗಡಿಯ ಜೊತೆಗೆ ಇಂಟರ್ನೆಟ್ಟಿನಲ್ಲೂ ಮಾರಾಟ ಶುರುಮಾಡಿದ್ದರು. ಒಂದು ದಿನ ಅವರೇ ಫೋನ್ ಮಾಡಿ, "ನಿಮ್ಮ ಬ್ಲಾಗು ತುಂಬ ಜನ ಓದ್ತಾರೆ ಮೇಡಂ. ದಾರ ನಾವು ಕಳಿಸ್ತೀವಿ, ದುಡ್ಡು ಬೇಡ. ನೀವು ಬರೆಯೋವಾಗ ನಮ್ಮ ಅಂಗಡಿ ಹೆಸರು ಹಾಕಿ, ಅದನ್ನ ಒತ್ತಿದ್ರೆ ನಮ್ಮ ಪುಟಕ್ಕೆ ಬರೋ ಹಾಗೆ ಮಾಡಿ, ಅಷ್ಟು ಸಾಕು" ಎಂದರು. ಡಬ್ಬಿ ಡಬ್ಬಿ ದಾರ ಬಂತು. ನವಿಲಿನ ಬಣ್ಣ, ಬಸಳೆ ಹಣ್ಣಿನ ಬಣ್ಣ, ನಾನು ಕಂಡೇ ಇರದಂಥ ಹಸಿರುಗಳು. ಡಬ್ಬಿ ತೆರೆದಾಗ ಅಕ್ಕ ಮಕ್ಕಳ ಹಾಗೆ ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ನಾನು ಪ್ರತಿ ಬರಹದಲ್ಲೂ ಅವರ ಹೆಸರು ಹಾಕಿದೆ. ಆಮೇಲೆ ಮಣಿ ಮಾರುವವರು ಬಂದರು, ಫಾಲ್ಸ್ ಬಟ್ಟೆಯವರು ಬಂದರು. ಅವರ ಹೆಸರುಗಳನ್ನೂ ಹಾಕಿದೆ.

ಇದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸಲೇ ಇಲ್ಲ. ನಮ್ಮ ಕಡೆ ಬೆಳೆದವರಿಗೆ ಅನ್ನಿಸುವುದೂ ಇಲ್ಲ. ಇದು ಮುಯ್ಯಿ. ನಿಮ್ಮ ಮನೆ ಮದುವೆಗೆ ನಾನು ಒಂದು ಬಿಂದಿಗೆ ಕೊಟ್ಟರೆ ನಮ್ಮ ಮನೆ ಮದುವೆಗೆ ನೀವು ಒಂದು ಹಂಡೆ ತರುತ್ತೀರಿ. ಅದನ್ನು ಯಾರೂ ವ್ಯಾಪಾರ ಎನ್ನುವುದಿಲ್ಲ. ಅವರು ದಾರ ಕೊಟ್ಟರು, ನಾನು ಹೆಸರು ಹೇಳಿದೆ. ನಿಜಕ್ಕೂ ದುಡ್ಡು ಕೊಡುತ್ತೇವೆಂದು ಬಂದವರೂ ಇದ್ದರು. ಇಸ್ಪೀಟು ಆಡಿಸುವ ಆ್ಯಪಿನವರ ಪರವಾಗಿ ಒಬ್ಬ ಏಜೆಂಟು ತಿಂಗಳುಗಟ್ಟಲೆ ಬೆನ್ನು ಬಿದ್ದಿದ್ದ. ಕುಚ್ಚಿನ ಬರಹದ ಮಧ್ಯೆ ಎಲ್ಲಾದರೂ ಒಂದು ಪದಕ್ಕೆ ಅವರ ಲಿಂಕು ಅಂಟಿಸಬೇಕಂತೆ. "ಧಾರೆ ಸೀರೆ ಹುಡುಕ್ಕೊಂಡು ಬಂದೋರ್ನ ಇಸ್ಪೀಟಿಗೆ ಕಳಿಸ್ಲಾ? ಇನ್ನೊಂದ್ಸಲ ಫೋನ್ ಮಾಡಿದ್ರೆ ನಿಮ್ಮನೇಲಿ ಹೆಂಗಸ್ರು ಇದ್ರೆ ಅವ್ರ ಕೈಗೆ ಕೊಡಿ, ಮಾತಾಡ್ತೀನಿ" ಎಂದು ಜಾಡಿಸಿದೆ. ಮತ್ತೆ ಫೋನ್ ಮಾಡಲಿಲ್ಲ. ಒಂದು ರೂಪಾಯಿ ಮುಟ್ಟದವಳು ಎಂಬ ಹೆಮ್ಮೆ ನನಗೆ ಬೇಕಾದಷ್ಟಿತ್ತು.

ಆಷಾಢ ಕಳೆದು ಶ್ರಾವಣ ಬಂತು. ಮದುವೆಗಳು ಶುರುವಾಗುವ ಕಾಲ, ನಮಗೆ ಊಟಕ್ಕೂ ಪುರಸೊತ್ತಿರಬಾರದು. ಫೋನು ಮಾತ್ರ ಸುಮ್ಮನಿತ್ತು. ಮೊದಮೊದಲು ಸಿಗ್ನಲ್ ಇಲ್ಲವೇನೋ ಎಂದು ಮಹಡಿ ಮೇಲೆ ಇಟ್ಟು ನೋಡಿದೆವು. ಹಳೆಯ ಗಿರಾಕಿಗಳ ಒಂದೆರಡು ಸೀರೆ ಬಿಟ್ಟರೆ ಹೊಸಬರು ಒಬ್ಬರೂ ಇಲ್ಲ. ಅಕ್ಕ ಕೆಲಸವಿಲ್ಲದ ಕೈಗೆ ಕೆಲಸ ಕೊಡಲು ಮನೆಯ ಹಳೆಯ ಸೀರೆಗಳಿಗೆಲ್ಲ ಕುಚ್ಚು ಕಟ್ಟತೊಡಗಿದಳು. ಅತ್ತೆ ದಿನವೂ ಉಡುವ ಸೀರೆಗೂ ಕಟ್ಟಿದಳು.

"ಯಾಕಮ್ಮಿ, ಯಾರೂ ಮದ್ವೆ ಆಗ್ತಿಲ್ವಾ ಈ ಸಲ?" ಎಂದಳು ಒಂದು ದಿನ. ನಗುತ್ತಲೇ ಹೇಳಿದಳು.

ಅವತ್ತು ಕೂತು ಹುಡುಕಿದೆ. ಸರ್ಚ್ ಇಂಜಿನ್ನಿನಲ್ಲಿ ಕುಚ್ಚು ಎಂದು ಹಾಕಿದರೆ ಯಾರ್ಯಾರದೋ ಪುಟ ಬರುತ್ತಿತ್ತು, ನನ್ನದಿಲ್ಲ. ನನ್ನ ಬ್ಲಾಗಿನ ಹೆಸರನ್ನೇ ಹಾಕಿದರೂ ಎಲ್ಲೋ ತಳದಲ್ಲಿತ್ತು. ಬ್ಲಾಗಿನ ಮಾಲೀಕರಿಗೆಂದು ಆ ಕಂಪನಿಯವರು ಒಂದು ಪುಟ ಇಟ್ಟಿರುತ್ತಾರೆ. ನಾನು ಅದನ್ನು ತೆರೆದು ಯಾವ ಕಾಲವಾಗಿತ್ತೋ. ಅಲ್ಲಿ ಒಂದು ನೋಟಿಸು ಕಾದು ಕೂತಿತ್ತು. ನಿಮ್ಮ ಬ್ಲಾಗಿನಿಂದ ಹೊರಗೆ ಹೋಗುವ ಲಿಂಕುಗಳು ಸಹಜವಾಗಿ ಹುಟ್ಟಿದವಲ್ಲ, ಬೇರೆಯವರನ್ನು ಮೇಲೆತ್ತಲು ಏನನ್ನೋ ಪಡೆದು ಹಾಕಿದಂತಿವೆ, ಅದಕ್ಕಾಗಿ ಕ್ರಮ ಕೈಗೊಂಡಿದ್ದೇವೆ ಎಂಬ ಅರ್ಥದ್ದು. ಯಾವ ಲಿಂಕು ಎಂದು ಬರೆದಿರಲಿಲ್ಲ. ಬರೆದವರು ಯಾರೆಂದೂ ಇರಲಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಇಸ್ಪೀಟಿನವನನ್ನು ಬೈದು ಓಡಿಸಿದವಳು ನಾನು, ನನಗೆ ಶಿಕ್ಷೆ! ತಪ್ಪು ತಿದ್ದಿಕೊಂಡು ಮನವಿ ಕೊಡಿ ಎಂದು ಕೆಳಗೆ ಒಂದು ಜಾಗ ಬಿಟ್ಟಿದ್ದರು. ತಿದ್ದುವ ಗೋಜಿಗೆ ಹೋಗದೆ ನೇರವಾಗಿ ಮನವಿ ಬರೆದೆ. ಮನವಿ ಎನ್ನುವುದಕ್ಕಿಂತ ಜಗಳ ಎನ್ನಬೇಕು. ನಾನು ದುಡ್ಡು ಮುಟ್ಟಿಲ್ಲ, ದಾರ ಕೊಟ್ಟರು, ಹೆಸರು ಹೇಳಿದ್ದೇನೆ, ನಮ್ಮಲ್ಲಿ ಇದನ್ನು ಮುಯ್ಯಿ ಎನ್ನುತ್ತಾರೆ, ನಿಮಗೆ ಗೊತ್ತಿಲ್ಲದಿದ್ದರೆ ವಿಜಯಪುರಕ್ಕೆ ಬಂದು ಒಂದು ಮದುವೆ ನೋಡಿಕೊಂಡು ಹೋಗಿ, ಊಟ ನಾನು ಹಾಕಿಸುತ್ತೇನೆ ಎಂದು ಬರೆದೆ. ಬರೆದು ಮುಗಿಸಿದಾಗ ಬಹಳ ಸಮಾಧಾನವಾಗಿತ್ತು. ಕೆಲವು ವಾರದ ಮೇಲೆ ಉತ್ತರ ಬಂತು. ನಿಮ್ಮ ಬ್ಲಾಗು ಇನ್ನೂ ನಿಯಮ ಮೀರಿದ ಸ್ಥಿತಿಯಲ್ಲೇ ಇದೆ, ಶಿಕ್ಷೆ ಮುಂದುವರಿಯುತ್ತದೆ.

ಅಷ್ಟರಲ್ಲಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. ಜಿಲ್ಲೆಯ ಸುತ್ತಮುತ್ತ ಕನ್ನಡದಲ್ಲಿ ಬ್ಲಾಗು ಬರೆಯುವ ಒಂದಿಷ್ಟು ಜನರ ಗುಂಪು ಅದು. ನೆಲಮಂಗಲದ ಕಡೆಯ ಒಬ್ಬರು ಶಿವಗಂಗೆ ಬೆಟ್ಟ ಹತ್ತುವವರಿಗಾಗಿ ಬರೆಯುತ್ತಿದ್ದರು: ಎಲ್ಲಿ ಕೂತು ಸುಧಾರಿಸಿಕೊಳ್ಳಬೇಕು, ಕೋತಿಗಳಿಂದ ಕೈಚೀಲ ಹೇಗೆ ಉಳಿಸಿಕೊಳ್ಳಬೇಕು ಎಂದೆಲ್ಲ. ಒಂದು ರೆಸಾರ್ಟಿನವರಿಂದ ಊಟ ವಸತಿ ಪಡೆದು ಲಿಂಕು ಹಾಕಿದ್ದಕ್ಕೆ ಅವರಿಗೂ ಇದೇ ನೋಟಿಸು ಬಂದಿತ್ತು. ದೊಡ್ಡಬಳ್ಳಾಪುರದ ಒಬ್ಬ ಹೆಣ್ಣುಮಗಳು ರಾಗಿ ಅಡುಗೆಗಳ ಬಗ್ಗೆ ಚೆಂದವಾಗಿ ಬರೆಯುತ್ತಿದ್ದಳು. ಅವಳಿಗೆ ನೋಟಿಸೇ ಬಂದಿರಲಿಲ್ಲ, ಬಂದೀತೆಂಬ ಹೆದರಿಕೆಗೇ ಬ್ಲಾಗು ಮುಚ್ಚಿದಳು. ಉಳಿದವರು ಒಬ್ಬರ ಬ್ಲಾಗಿನಿಂದ ಇನ್ನೊಬ್ಬರ ಹೆಸರನ್ನು ಅಳಿಸತೊಡಗಿದರು. ನೆರೆಹೊರೆಯವರು ಒಬ್ಬರ ಮನೆಗೊಬ್ಬರು ಹೋಗುವುದನ್ನೇ ಬಿಟ್ಟ ಹಾಗಾಯಿತು. ಬೆಟ್ಟದವರು ನನಗೆ ಫೋನ್ ಮಾಡಿ, "ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ಹೆಸ್ರು ನಮ್ಮಲ್ಲಿಂದ ತೆಗೀತಿದೀನಿ, ನೀವೂ ನಮ್ದು ತೆಗೆದ್ಬಿಡಿ" ಎಂದರು.

ನಾನೂ ಹೆದರಿದೆ. ಹೆದರಿಕೆ ನನ್ನ ಸ್ವಭಾವವಲ್ಲ, ಆದರೆ ಅಕ್ಕನ ಖಾಲಿ ಕೈ ದಿನವೂ ಕಣ್ಣೆದುರಿಗಿತ್ತು. ಒಂದು ಮಧ್ಯಾಹ್ನ ಕೂತು ಬ್ಲಾಗಿನಲ್ಲಿದ್ದ ಎಲ್ಲ ಲಿಂಕುಗಳನ್ನೂ ಕಿತ್ತುಹಾಕಿದೆ. ದಾರದವರದು, ಮಣಿಯವರದು, ಬೆಟ್ಟದವರದು, ಮತ್ತೆ ಆಪಾಳದು.

ಆಪಾ ಎಂದರೆ ನಮ್ಮೂರಿನವಳೇ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಮನೆಯಲ್ಲಿ ಆಡುವುದು ದಖನಿ, ಹೊಲಿಗೆ ಕಲಿಸುವುದು ಕನ್ನಡದಲ್ಲಿ. ಬ್ಲೌಸು ಕತ್ತರಿಸುವುದರ ಬಗ್ಗೆ ಅವಳೂ ಒಂದು ಬ್ಲಾಗು ಬರೆಯುತ್ತಾಳೆ. ಕುಚ್ಚು ಬೇಕೆಂದವರನ್ನು ಅವಳು ನನ್ನ ಪುಟಕ್ಕೆ ಕಳಿಸುತ್ತಿದ್ದಳು, ಬ್ಲೌಸು ಬೇಕೆಂದವರನ್ನು ನಾನು ಅವಳ ಪುಟಕ್ಕೆ. ನನಗಿಂತ ದೊಡ್ಡವಳು, ಅದಕ್ಕೇ ಅವರ ಮಾತಿನಂತೆ ಆಪಾ ಎನ್ನುತ್ತೇನೆ.

ಮಾರನೆಯ ದಿನ ಬೆಳಿಗ್ಗೆಯೇ ಆಪಾ ಬುರ್ಖಾದ ಮೇಲೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. ಹೊಲಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಬಾಗಿಲಲ್ಲೇ ನಿಂತು ಕೇಳಿದಳು.

"ನನ್ ಹೆಸ್ರು ಯಾಕ್ ತೆಗ್ದೆ ಮಾ?"

"ಎಲ್ಲಾರ್ದೂ ತೆಗ್ದೆ ಆಪಾ. ನಿಮ್ದೊಂದೇ ಅಲ್ಲ."

"ಎಲ್ಲಾರ್ದೂ ಬಿಡು. ನಾನ್ ನಿಂಗೆ ಏನ್ ಕೊಟ್ಟಿದ್ದೆ ಅಂತ ನಂದು ತೆಗ್ದೆ? ಒಂದು ರೀಲು ದಾರ ಕೊಟ್ಟಿದ್ನಾ? ಒಂದು ಹುಕ್ಕು?"

"ಕೊಟ್ಟಿಲ್ಲ."

"ಮತ್ತೆ? ಬ್ಲೌಸು ಚೆನ್ನಾಗ್ ಹೊಲೀತೀನಿ ಅಂತ ತಾನೇ ಹಾಕಿದ್ದೆ? ಈಗ ಚೆನ್ನಾಗ್ ಹೊಲಿಯಲ್ಲ ಅಂತಾನಾ?"

ಅವಳನ್ನು ಒಳಗೆ ಕರೆದು ಕೂರಿಸಿದೆ. ಅಕ್ಕ ಟೀ ತಂದಳು. ಸಿಟ್ಟು ಇಳಿಯುವವರೆಗೆ ಆಪಾ ಲೋಟ ಮುಟ್ಟಲಿಲ್ಲ. ನಾನು ನನ್ನ ಮುಯ್ಯಿ ಪುರಾಣವನ್ನು ಮತ್ತೆ ತೆಗೆದೆ: ದಾರ ತೆಗೆದುಕೊಳ್ಳುವುದು ದುಡ್ಡು ತೆಗೆದುಕೊಂಡ ಹಾಗೆ ಹೇಗಾಗುತ್ತದೆ, ಹೆಸರು ಹೇಳುವುದು ಹೇಗೆ ತಪ್ಪಾಗುತ್ತದೆ ಎಂದು. ಆಪಾ ಪೂರ್ತಿ ಕೇಳಿದಳು.

"ನಿಮ್ ಬೀದಿ ಮದ್ವೆಗೆಲ್ಲ ನಾನೂ ಬಂದಿದೀನಿ ಮಾ" ಎಂದಳು. "ಮುಯ್ಯಿ ಕೊಟ್ಮೇಲೆ ಏನ್ಮಾಡ್ತಾರೆ? ಮೈಕಲ್ಲಿ ಓದ್ತಾರೆ. ಇಂಥೋರು ಇಂಥದ್ದು ಕೊಟ್ರು ಅಂತ ಊರಿಗೆಲ್ಲ ಕೇಳ್ಸೋ ಹಂಗೆ ಓದ್ತಾರೆ. ಹೋದ ಸಲ ನಾನು ಕುಕ್ಕರ್ ಕೊಟ್ಟಿದ್ದಕ್ಕೆ ನನ್ ಹೆಸ್ರು ಓದಿದ್ರು, ನಮ್ಮತ್ತೆಗೆ ಮನೇಲಿ ಕೂತ್ಕೊಂಡೇ ಕೇಳಿಸ್ತು, ಎಷ್ಟು ಖುಷಿ ಪಟ್ರು! ನೀನು ದಾರ ಬಂತು ಅಂತ ಬ್ಲಾಗಲ್ಲಿ ಓದಿಸಿದ್ಯಾ?"

"ಇಲ್ಲ."

"ಆ ದಾರನೇ ಚೆನ್ನಾಗೈತೆ ಅಂತ ಬರ್ದೆ. ಓದೋರು ಏನ್ ತಿಳ್ಕೊಂಡ್ರು? ಇವ್ಳು ದುಡ್ಡು ಕೊಟ್ಟು ತಂದು, ನೋಡಿ, ಚೆನ್ನಾಗೈತೆ ಅಂತವ್ಳೆ ಅಂದ್ಕೊಂಡ್ರು. ನಾನೂ ಹಂಗೇ ಅಂದ್ಕೊಂಡಿದ್ದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ಟೀ ಕುಡಿದೆ. ನನಗೆ ನೋವಾದದ್ದು ನಿಜ, ಆದರೆ ಬಹಳ ದಿನದ ಮೇಲೆ ಗಾಳಿ ಆಡಿದ ಹಾಗೂ ಆಯಿತು. ಇಷ್ಟು ದಿನ ಯಾವನೋ ಕಣ್ಣಿಗೆ ಕಾಣದವನು ನನ್ನ ಮೇಲೆ ಕಲ್ಲೆಸೆಯುತ್ತಿದ್ದಾನೆ ಎಂದುಕೊಂಡಿದ್ದೆ. ಈಗ ಏನು ಮಾಡಬೇಕೆಂದು ಗೊತ್ತಾಯಿತು. ಮಾಡುವುದು ಗೊತ್ತಾದರೆ ನನ್ನನ್ನು ಹಿಡಿಯುವವರಿಲ್ಲ.

ಆ ವಾರವೆಲ್ಲ ಬ್ಲಾಗನ್ನು ಮೊದಲಿನಿಂದ ಓದಿ, ಕಿತ್ತುಹಾಕಿದ್ದ ಲಿಂಕುಗಳನ್ನು ಮತ್ತೆ ಹಾಕಿದೆ. ದಾರ ಪುಕ್ಕಟೆ ಬಂದ ಪ್ರತಿ ಬರಹದ ತಲೆಯ ಮೇಲೂ 'ಈ ದಾರವನ್ನು ಅಂಗಡಿಯವರು ದುಡ್ಡಿಲ್ಲದೆ ಕೊಟ್ಟಿದ್ದಾರೆ' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಲಿಂಕಿನ ಒಳಗೆ ಸರ್ಚ್ ಇಂಜಿನ್ನಿಗೆ ಮಾತ್ರ ಕಾಣುವ ಒಂದು ಗುರುತು ಹಾಕಲು ಬರುತ್ತದೆ. ಇದು ಪ್ರಾಯೋಜಿತ, ಇದನ್ನು ನನ್ನ ಶಿಫಾರಸು ಎಂದು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳುವ ಗುರುತು. ಅದನ್ನೂ ಹಾಕಿದೆ. ಆಪಾಳ ಲಿಂಕನ್ನು ಮಾತ್ರ ಯಾವ ಗುರುತೂ ಇಲ್ಲದೆ ಮೊದಲಿನ ಹಾಗೇ ಇಟ್ಟೆ. ಬೆಟ್ಟದವರದನ್ನೂ ಇಟ್ಟೆ. ಅವರು ಕೋತಿಯ ಬಗ್ಗೆ ಬರೆದದ್ದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ನಾನೇ ಹತ್ತಿ ನೋಡಿದ್ದೇನೆ. "ಬೇಡ ಮೇಡಂ, ರಿಸ್ಕು" ಎಂದರು ಅವರು. ಹೆದರಿಕೊಂಡು ಸ್ನೇಹಿತರ ಹೆಸರು ಅಳಿಸುವ ಕೆಲಸ ಒಂದು ಸಲ ಮಾಡಿದ್ದೇ ಸಾಕು, ಇನ್ನೊಂದು ಸಲ ಮಾಡುವುದಿಲ್ಲ ಎಂದು ಹೇಳಿದೆ.

ದಾರದ ಅಂಗಡಿಯವರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ಹೆಸರು ಇರುತ್ತದೆ, ಒತ್ತಿದರೆ ನಿಮ್ಮ ಪುಟಕ್ಕೂ ಬರುತ್ತಾರೆ, ಸರ್ಚ್ ಇಂಜಿನ್ನಿಗೆ ಮಾತ್ರ ಇದು ಪುಕ್ಕಟೆ ದಾರಕ್ಕೆ ಹಾಕಿದ್ದು ಎಂದು ಗೊತ್ತಿರುತ್ತದೆ ಎಂದೆ.

"ಹಂಗಾದ್ರೆ ನಮಗೇನು ಉಪಯೋಗ ಮೇಡಂ?" ಎಂದರು.

"ಓದಿದವರು ಬರ್ತಾರಲ್ಲ ಸಾರ್."

"ಅದಲ್ಲ ಮೇಡಂ. ನಮ್ಮ ಸೈಟು ಮೇಲೆ ಬರ್ಬೇಕು ಅಂತ ತಾನೇ ನಾವು ಕಳಿಸ್ತಿದ್ದಿದ್ದು."

ಕೋಪವೇನೂ ಇರಲಿಲ್ಲ ಅವರ ದನಿಯಲ್ಲಿ. ವ್ಯಾಪಾರದ ಮಾತು, ಇದ್ದದ್ದನ್ನು ಹೇಳಿದರು. ಮುಯ್ಯಿ ಎಂದುಕೊಂಡಿದ್ದವಳು ನಾನೊಬ್ಬಳೇ. ಅವರ ಕಡೆಯಿಂದ ಅದು ಮೊದಲ ದಿನದಿಂದಲೂ ಬೆಲೆ. ಅವತ್ತಿನಿಂದ ದಾರ ಕೊಂಡೇ ತರುತ್ತೇವೆ, ಅದೇ ಅಂಗಡಿಯಿಂದ. ದಾರ ಒಳ್ಳೆಯದು ಎಂದು ನಾನು ಬರೆದದ್ದು ಸುಳ್ಳಾಗಿರಲಿಲ್ಲ.

ಎರಡನೆಯ ಮನವಿಯಲ್ಲಿ ಜಗಳವಿರಲಿಲ್ಲ. ಏನು ಪಡೆದಿದ್ದೆ, ಏನು ತಿದ್ದಿದೆ, ಯಾವ ಲಿಂಕನ್ನು ಯಾಕೆ ಹಾಗೇ ಉಳಿಸಿದ್ದೇನೆ ಎಂದು ನೆಟ್ಟಗೆ ಬರೆದು ಕಳಿಸಿದೆ. ಈ ಸಲ ಬಿಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅಕ್ಕನಿಗೂ ಹಾಗೇ ಹೇಳಿದೆ. ಅವಳು ಹೂಂ ಎಂದಳು.

ಅದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿ ಚಿತ್ರಾನ್ನವನ್ನು ಡಬ್ಬಿಗೆ ತುಂಬುತ್ತಿದ್ದಳು. ತಲೆ ಬಾಚಿ, ಜಡೆ ಸುತ್ತಿ ಪಿನ್ನು ಹಾಕಿದ್ದಳು. ಕೊರಳಲ್ಲಿ ಫ್ಯಾಕ್ಟರಿಯ ಹೊಸ ಗುರುತಿನ ಚೀಟಿ ನೇತಾಡುತ್ತಿತ್ತು. ಹಿಂದಿನ ವಾರ ದೇವನಹಳ್ಳಿಗೆ ಹೋಗಿ ಬರುತ್ತೇನೆ ಎಂದು ಹೋದವಳು ದೊಡ್ಡಬಳ್ಳಾಪುರಕ್ಕೆ ಹೋಗಿ ಕೆಲಸ ಕೇಳಿ ಬಂದಿದ್ದಳು. ಭಾವನಿಗೆ ಗೊತ್ತಿತ್ತು. ನನಗೆ ಹೇಳಿದರೆ ಬಿಡುವುದಿಲ್ಲವೆಂದು ಹೇಳಿರಲಿಲ್ಲ.

"ಇನ್ನೊಂದು ಹದಿನೈದು ದಿನ ನೋಡ್ಬೋದಿತ್ತಲ್ಲಕ್ಕ!"

"ನೋಡಿದ್ನಲ್ಲಮ್ಮಿ. ಮದ್ವೆ ಕಾಲನೇ ಮುಗೀತಾ ಬಂತು. ಮಕ್ಳ ಫೀಸು ಕಟ್ಬೇಕು."

ಹಾರನ್ ಆಯಿತು. ಅವಳು ಚಪ್ಪಲಿ ಮೆಟ್ಟಿ ಹೋದಳು. ನನಗೆ ಆವತ್ತು ಆದಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ನಾನಿದ್ದೇನೆ ಬಿಡು ಎಂದವಳು ನಾನು. ಇದ್ದೆ, ಆದರೆ ನನ್ನಿಂದ ಏನೂ ಮಾಡಲಾಗಲಿಲ್ಲ. ಕುಚ್ಚು ಕಟ್ಟಲೆಂದು ಸ್ಟೂಲಿನ ಮೇಲೆ ಹಾಸಿ, ಜಾರದಂತೆ ಗುಂಡುಕಲ್ಲು ಹೇರಿಟ್ಟಿದ್ದ ಸೀರೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅತ್ತೆಮ್ಮ ನೋಡಿಯೂ ನೋಡದವರಂತೆ ಅಂಗಳಕ್ಕೆ ನೀರು ಹಾಕಲು ಹೋದರು.

ಶಿಕ್ಷೆ ತೆಗೆದ ಸುದ್ದಿ ಬಂದದ್ದು ಕಾರ್ತೀಕದಲ್ಲಿ. ನಿಮ್ಮ ಮನವಿ ಪರಿಶೀಲಿಸಿದ್ದೇವೆ, ಕ್ರಮವನ್ನು ಹಿಂತೆಗೆದುಕೊಂಡಿದ್ದೇವೆ, ಇಷ್ಟೇ. ಆಪಾಳ ಲಿಂಕು ಹಾಗೇ ಇತ್ತು, ಬೆಟ್ಟದವರದೂ ಇತ್ತು. ನಾನು ಆ ಸಂದೇಶದ ಫೋಟೊ ತೆಗೆದು ಗುಂಪಿಗೆ ಹಾಕಿ, 'ಹೆದರಿಕೊಂಡು ಅಳಿಸಿದವರೆಲ್ಲ ಮತ್ತೆ ಹಾಕಿಕೊಳ್ಳಿ, ಪಡೆದದ್ದಿದ್ದರೆ ಪಡೆದೆವೆಂದು ಬರೆಯಿರಿ' ಎಂದೆ. ಬೆಟ್ಟದವರು ನನ್ನ ಹೆಸರನ್ನು ವಾಪಸು ಹಾಕಿದರು. ರಾಗಿ ಅಡುಗೆಯ ಹುಡುಗಿ ಮತ್ತೆ ಬರೆಯಲಿಲ್ಲ. ನಾನು ಫೋನ್ ಮಾಡಿ ಕೇಳಿದೆ, "ಮೊದಲಿನ ಥರ ಬರೆಯೋಕೆ ಮನಸ್ಸು ಬರ್ತಿಲ್ಲ ಅಕ್ಕಾ" ಎಂದಳು. ಅವಳ ಹುರುಳಿ ಸಾರಿನ ಬರಹವನ್ನು ನಾನು ಉಳಿಸಿಟ್ಟುಕೊಂಡಿದ್ದೆ, ಆ ಬ್ಲಾಗು ಮಾತ್ರ ಹೋಯಿತು.

ಮೊದಲಿನಷ್ಟು ಅಲ್ಲದಿದ್ದರೂ ನಮ್ಮ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಮಾಗಿಯ ಮದುವೆಗಳ ಸೀರೆಗಳು ಬಂದವು. ಒಂದು ಸಂಜೆ ಅಕ್ಕ ವ್ಯಾನು ಇಳಿದು ಬಂದು ಕೈಕಾಲು ತೊಳೆಯುವುದಕ್ಕೂ ಬಿಡದೆ, ಮಂಚದ ಮೇಲೆ ರಾಶಿ ಬಿದ್ದಿದ್ದ ಸೀರೆ ತೋರಿಸಿದೆ.

"ನೋಡಕ್ಕ! ಬಂತು. ಎಲ್ಲ ಸರಿಹೋಯ್ತು. ನಾಳೆಯಿಂದ ಹೋಗ್ಬೇಡ."

ಅವಳು ಒಂದು ಸೀರೆಯ ಸೆರಗು ಎತ್ತಿ ಎಳೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿದಳು. ಕಣ್ಣಲ್ಲಿ ಆಸೆಯಿತ್ತು, ನನಗೆ ಕಂಡಿತು.

"ಇಲ್ಲಮ್ಮಿ, ನಾನು ಬಿಡಲ್ಲ."

"ಯಾಕೆ? ಆ ಸೂಪರ್‌ವೈಸರ್ ಬೈಯೋದು ಅಷ್ಟು ಚೆಂದ ಕೇಳಿಸ್ತೈತಾ?"

"ಬೈತಾನೆ, ಇಲ್ಲ ಅನ್ನಲ್ಲ. ಆದ್ರೆ ಎದುರುಗಡೆ ನಿಂತ್ಕೊಂಡು ಬೈತಾನೆ. ಕಾಲರ್ ಓರೆ ಆಗೈತೆ ಅಂತಾನೆ, ಬಿಚ್ಚಿ ಹೊಲೀತೀನಿ, ಸಂಜೆಗೆ ಮುಗೀತು. ನಿನ್ನ ಕಂಪ್ಯೂಟರ್ನೋನು ಎಲ್ಲವ್ನೆ ಅಂತಾನೇ ನಂಗೊತ್ತಿಲ್ಲ. ನನ್ ಕುಚ್ಚು ಓರೆ ಆಗಿತ್ತಾ? ಆಗಿರ್ಲಿಲ್ಲ. ಆದ್ರೂ ನಂದೇ ಕೆಲ್ಸ ಹೋಯ್ತು."

ನನ್ನ ಬ್ಲಾಗು ತಿರುಗಿ ಬಂತು, ಬರುತ್ತದೆಂದು ನಾನು ನಂಬಿದ್ದು ಸರಿಯಾಗಿತ್ತು. ಮುಂದೆ ಯಾವ ನೋಟಿಸು ಬಂದರೂ ಎದುರಿಸುತ್ತೇನೆ ಎಂಬ ಧೈರ್ಯ ನನಗೆ ಈಗಲೂ ಇದೆ. ಆದರೆ ನನ್ನ ಧೈರ್ಯದ ಮೇಲೆ ಅಕ್ಕನ ಮನೆ ಖರ್ಚು ನಡೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ. ನನಗೆ ಅವಳ ಮೇಲೆ ಹೆಮ್ಮೆಯಾಯಿತು.

ಅಕ್ಕ ಸೀರೆಗಳನ್ನು ಒಂದೊಂದಾಗಿ ಮಡಚಿಟ್ಟಳು. ಅದರಲ್ಲಿ ಒಂದನ್ನು, ಅರಿಶಿನ ಬಣ್ಣಕ್ಕೆ ಕಡುಕೆಂಪು ಅಂಚಿನದನ್ನು, ಬೇರೆ ತೆಗೆದಳು.

"ಇದು ನಂಗಿರ್ಲಿ. ಭಾನುವಾರ ಕಟ್ತೀನಿ. ಬೇರೆಯೋರ್ಗೆ ಕೊಡ್ಬೇಡ" ಎಂದು ಹೇಳಿ ಮುಖ ತೊಳೆಯಲು ಹೋದಳು.

ನಾನು ಬ್ಲಾಗು ತೆರೆದು, ನಮ್ಮ ಫೋನ್ ನಂಬರಿನ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದೆ. ನನ್ನ ಓರಗಿತ್ತಿಯ ಕೈಕೆಲಸವೇ ಬೇಕೆನ್ನುವವರು ಸ್ವಲ್ಪ ಕಾಯಬೇಕಾಗುತ್ತದೆ, ಅವರು ಕುಚ್ಚು ಕಟ್ಟುವುದು ಭಾನುವಾರ ಮಾತ್ರ, ಉಳಿದ ದಿನ ಕೆಲಸಕ್ಕೆ ಹೋಗುತ್ತಾರೆ.